ಚೆಂಡು ಬಿಡುವ ಗಳಿಗೆ

ಅಗಳಿ
ಮೇ ೧೮, ೨೦೨೫

ಸಿದ್ದರಾಮೇಶ್ ಅವರಿಗೆ,

ಉಷಾರಾಣಿಯ ನಮಸ್ಕಾರ. ನಾನೂ ಮಂಜುಳಳೂ ಇಲ್ಲಿ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿದ್ದೀರೆಂದು, ಜೀನ್ಸ್ ಹೊಲಿಗೆಯ ಶೆಡ್ಡಿನಲ್ಲಿ ಕೆಲಸ ಜೋರಾಗಿದೆಯೆಂದು ಮಂಜುಳ ಹೇಳುತ್ತಿರುತ್ತಾಳೆ.

ಫೋನು ಮಾಡದೆ ಕಾಗದ ಬರೆದಿದ್ದಾಳಲ್ಲ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನೀವೂ ನಾನೂ ಮಾತು ಶುರು ಮಾಡಿದರೆ ಮುಗಿಯುವುದಕ್ಕೆ ಮುಂಚೆ ಯಾರಾದರೊಬ್ಬರು ಕಟ್ ಮಾಡುತ್ತೇವೆ. ಹೆಚ್ಚಿನ ಸಲ ಅದು ನಾನೇ. ಈಗ ಹೇಳಬೇಕಾದ್ದು ಅರ್ಧಕ್ಕೆ ನಿಲ್ಲಿಸುವಂಥದ್ದಲ್ಲ. ಅಲ್ಲದೆ ಇದನ್ನು ಬರೆಯಲು ಅತ್ತೆಯೇ ಹೇಳಿದ್ದಾರೆ. ಅದು ಹೇಗೆಂಬುದು ಮುಂದೆ ಬರುತ್ತದೆ. ಪೂರ್ತಿ ಓದಿ.

ಶಿವರಾತ್ರಿ ಕಳೆದ ಮೇಲೆ ನಿಮ್ಮ ತಂಗಿ ಮಂಜುಳ ನನ್ನ ಮನೆಗೆ ಬಂದಳು. ಪಿ.ಜಿ. ಪ್ರವೇಶ ಪರೀಕ್ಷೆಗೆ ಓದಲು ಹೋಗುತ್ತೇನೆ, ಅತ್ತಿಗೆಯ ಮನೆಯಲ್ಲಿ ಸದ್ದುಗದ್ದಲವಿಲ್ಲ ಎಂದು ನಿಮಗೆ ಹೇಳಿದ್ದಳಂತೆ. ಪುಸ್ತಕ ತಂದದ್ದು ನಿಜ. ಮಧ್ಯಾಹ್ನ ಬಿಸಿಲ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಓದಿದ್ದೂ ನಿಜ. ಬೆಳಗ್ಗೆ ಮತ್ತು ಸಂಜೆ ಅವಳು ನಮ್ಮ ಹೈಸ್ಕೂಲಿನ ಮೈದಾನದಲ್ಲಿ ಬೌಲಿಂಗ್ ಮಾಡುತ್ತಿದ್ದಳು. ಬಂದದ್ದೇ ಅದಕ್ಕೆ.

ಅವಳು ಕ್ರಿಕೆಟ್ ಆಡುತ್ತಾಳೆಂಬುದು ನಿಮಗೆ ಹೊಸದಲ್ಲ. ರಾಯದುರ್ಗದ ಮನೆಯ ಮುಂದಿನ ಓಣಿಯಲ್ಲಿ ಅಕ್ಕಪಕ್ಕದ ಹುಡುಗರಿಗೆ ಬೌಲಿಂಗ್ ಮಾಡುವುದನ್ನು ನೀವು ಸಾಕಷ್ಟು ಸಲ ನೋಡಿದ್ದೀರಿ, ಬೈದಿದ್ದೀರಿ. ನಿಮಗೆ ಗೊತ್ತಿಲ್ಲದ್ದು, ಹೋದ ವರ್ಷ ಅವಳು ಕಾಲೇಜಿನ ಹುಡುಗಿಯರ ಜೊತೆ ಅನಂತಪುರಕ್ಕೆ, ಜಿಲ್ಲಾ ತಂಡದ ಆಯ್ಕೆಗೆ ಹೋಗಿದ್ದಳು. ಹಾಕಿದ ಚೆಂಡುಗಳಲ್ಲಿ ಒಂದು ಲೆಗ್ ಸೈಡಿನ ಆಚೆ, ಒಂದು ಇತ್ತ ಕೀಪರ್ ಕೈಗೆ ಸಿಗದಷ್ಟು ದೂರ, ಒಂದು ನೇರ ಬ್ಯಾಟ್ಸ್‌ವುಮನ್ ಎದೆಗೆ. ಸೆಲೆಕ್ಟರ್ ತೆಲುಗಿನಲ್ಲಿ, "ಸ್ಪೀಡ್ ಉಂದಮ್ಮಾ, ಲೈನ್ ಲೇದು" ಎಂದು ಕಳಿಸಿಬಿಟ್ಟರಂತೆ. ವೇಗವಿದೆ, ದಾರಿಯಿಲ್ಲ. ಆ ಮಾತನ್ನು ಅವಳು ವರ್ಷವಿಡೀ ನುಂಗಿಕೊಂಡಿದ್ದಳು.

ಬಂದ ದಿನ ಬ್ಯಾಗು ಇಳಿಸಿ, ನೀರೂ ಕುಡಿಯದೆ ಕೇಳಿದಳು: "ಅತ್ತಿಗಿ, ನನಗ ಚೆಂಡು ನೆಟ್ಟಗ ಹಾಕೋದು ಕಲಸ್ರಿ."

ನನಗೆ ಬೌಲಿಂಗ್ ಗೊತ್ತಿಲ್ಲ ಎಂದೆ. ನಾನು ವ್ಯಾಯಾಮದ ಟೀಚರ್. ಕಲಿಸುವುದು ಖೋಖೋ, ಕಬಡ್ಡಿ. ಯೂನಿವರ್ಸಿಟಿಯಲ್ಲಿ ಈಟಿ ಎಸೆದವಳು.

"ಈಟಿ ನೆಟ್ಟಗ ಒಗದೀರಲ್ಲ. ಅದನ್ನ ಕಲಸ್ರಿ, ಸಾಕು" ಎಂದಳು.

ಮರುದಿನವೇ ಅವಳನ್ನು ರಾಯದುರ್ಗದ ಬಸ್ಸು ಹತ್ತಿಸಬಹುದಿತ್ತು. ಹಾಗೆ ಮಾಡಿದ್ದರೆ ನಿಮಗೂ ನನಗೂ ನಡುವೆ ಹೊಸದೊಂದು ದೂರು ಹುಟ್ಟುತ್ತಿರಲಿಲ್ಲ. ನಾನು ಹತ್ತಿಸಲಿಲ್ಲ. ಕಾರಣ ಬರೆಯುವುದಿಲ್ಲ.

ಮೊದಮೊದಲು ತಪ್ಪು ಅವಳ ಮುಂಗೈಯಲ್ಲಿದೆ ಎಂದುಕೊಂಡೆ. ಚೆಂಡು ಹಿಡಿಯುವುದನ್ನು ನೋಡಿದೆ, ಸರಿಯಾಗಿಯೇ ಇತ್ತು. ಆಮೇಲೆ ನನಗೆ ಗೊತ್ತಿರುವ ಕಡೆ ನೋಡತೊಡಗಿದೆ. ಈಟಿ ಎಸೆಯುವಾಗ ಕೈಗಿಂತ ಮೊದಲು ನೋಡಬೇಕಾದ್ದು ಮುಂದಿನ ಕಾಲನ್ನು. ಆ ಕಾಲು ಗಟ್ಟಿಯಾಗಿ ಊರಿದರೆ ಮೇಲಿನ ದೇಹ ಅದರ ಮೇಲೆ ತಿರುಗುತ್ತದೆ, ಕೈ ತಾನಾಗಿ ಬರುತ್ತದೆ. ಮಂಜುಳ ಓಡಿ ಬರುವುದು ಪ್ರತಿ ಸಲ ಬೇರೆ ಬೇರೆ. ಒಮ್ಮೆ ಉದ್ದ ಹೆಜ್ಜೆ, ಒಮ್ಮೆ ಚಿಕ್ಕದು. ಎಡಗಾಲು ಒಂದು ಸಲ ವಿಕೆಟ್ಟಿನ ಕಡೆ ಮುಖ ಮಾಡಿ ಬಿದ್ದರೆ ಇನ್ನೊಂದು ಸಲ ಎತ್ತಲೋ. ತಲೆ ಎಡಕ್ಕೆ ವಾಲುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕಾಲು ನೆಲಕ್ಕೆ ಊರುವ ಮೊದಲೇ ಕೈ ಚೆಂಡನ್ನು ಬಿಟ್ಟಿರುತ್ತಿತ್ತು. ಆ ಒಂದು ಗಳಿಗೆಯ ಅವಸರದಲ್ಲಿ ಚೆಂಡು ಎಲ್ಲಿಗೆ ಹೋಗಬೇಕೋ ಅದೊಂದು ಬಿಟ್ಟು ಬೇರೆಲ್ಲ ಕಡೆಗೂ ಹೋಗುತ್ತಿತ್ತು.

ಓಟವನ್ನೇ ನಿಲ್ಲಿಸಿಬಿಟ್ಟೆ. ನಿಂತಲ್ಲೇ ನಿಂತು ಚೆಂಡು ಹಾಕು ಎಂದೆ. ಆಮೇಲೆ ನಡೆದು ಬಂದು. ಬಹಳ ದಿನಗಳ ನಂತರ ಓಡಿ. ಓಟ ಶುರುವಾಗುವ ಜಾಗಕ್ಕೆ ಸುಣ್ಣದ ಗೆರೆ, ಚೆಂಡು ಬೀಳಬೇಕಾದ ಕಡೆ ಹಾಸಿದ ಗೋಣಿಚೀಲ. ಎದುರಿಗೆ ಬ್ಯಾಟು ಹಿಡಿದವರು ಯಾರೂ ಇಲ್ಲ. ಎಡಗೈ ಎತ್ತಿ ಗೋಣಿಯನ್ನು ತೋರಿಸಿ, ಆ ಕೈಯನ್ನು ಕೆಳಗೆಳೆದುಕೊಂಡರೆ ಬಲಗೈ ಅದೇ ದಾರಿಯಲ್ಲಿ ಬರುತ್ತದೆ ಎಂದು ಹೇಳಿಕೊಟ್ಟೆ. ವೇಗ ಬೇಡ ಎಂದಾಗ ಅತ್ತುಬಿಟ್ಟಳು. ವೇಗವೊಂದೇ ತನ್ನ ಬಳಿಯಿದ್ದದ್ದು, ಅದನ್ನೂ ಕಿತ್ತುಕೊಂಡಿರಿ ಎಂದಳು. ನಾನು ಸಮಾಧಾನ ಮಾಡಲಿಲ್ಲ. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ.

ಏಪ್ರಿಲ್ ಹೊತ್ತಿಗೆ ಚೆಂಡು ಗೋಣಿಯ ಮೇಲೆ ಬೀಳತೊಡಗಿತು. ಆಗ ರಾಧಿಕಾಳನ್ನು ಕರೆದೆ. ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್, ಊರು ಹೇಮಾವತಿ, ಕಾಲೇಜಿನಲ್ಲಿ ಬ್ಯಾಟಿಂಗ್ ಮಾಡಿದ ಹುಡುಗಿ. ಡ್ಯೂಟಿ ಮುಗಿಸಿ ಸ್ಕೂಟರಿನಲ್ಲಿ ನೇರ ಮೈದಾನಕ್ಕೆ ಬಂದಳು. ಅವಳ ಗಾಡಿ ಗೇಟಿನ ಒಳಗೆ ಬರುವುದಕ್ಕೂ ಮಂಜುಳ ಓಡುವುದಕ್ಕೂ ಸರಿಹೋಯಿತು. ಚೆಂಡು ಗೋಣಿಯ ಹತ್ತಿರವೂ ಸುಳಿಯಲಿಲ್ಲ, ಕಾಂಪೌಂಡಿಗೆ ಬಡಿಯಿತು. ಆಮೇಲೆ ರಾಧಿಕಾ ಬ್ಯಾಟು ಹಿಡಿದು ನಿಂತಾಗ ಚೆಂಡು ಮತ್ತೆ ಸರಿಯಾಗಿ ಬಂತು. ನಡುವೆ ರಸ್ತೆಯಲ್ಲಿ ಯಾರದೋ ಬೈಕು ಹೋಯಿತು, ಮತ್ತೆ ವೈಡ್.

"ಅಕ್ಕಾ, ಇವ್ಳು ಗಾಡಿ ಸದ್ದಿಗೆ ಬೆಚ್ತಾಳೆ ಕಣಕ್ಕ. ಎಲ್ಡು ಸಲಿ ನೋಡ್ದೆ" ಎಂದಳು ರಾಧಿಕಾ.

ಅವಳು ಹೇಳಿದ ಮೇಲೆ ನಾನೂ ನೋಡಿದೆ. ಹೌದು. ಅಂದು ಮನೆಯಲ್ಲಿ ಊಟಕ್ಕೆ ಕೂತಾಗ ಮಂಜುಳಾಳನ್ನು ಕೇಳಿದೆ. ಹೇಳಿದಳು. ಓಣಿಯಲ್ಲಿ ಆಡುವಾಗ ಅವಳ ಒಂದು ಕಿವಿ ಯಾವಾಗಲೂ ಮನೆಯ ಬಾಗಿಲ ಕಡೆಗೇ ಇರುತ್ತಿತ್ತಂತೆ. ಅವ್ವ ಕರೆಯುವುದಕ್ಕೆ ಮೊದಲು, ಅಣ್ಣನ ಗಾಡಿ ಓಣಿಗೆ ತಿರುಗುವುದಕ್ಕೆ ಮೊದಲು, ಕೈಯಲ್ಲಿರುವ ಚೆಂಡನ್ನು ಹಾಕಿಬಿಡಬೇಕು. ಹಾಕಿದರೆ ಅದು ತನ್ನದು. ಕರೆದ ಮೇಲೆ ಹಾಕಲಾಗುವುದಿಲ್ಲ, ಒಳಗೆ ಹೋಗಬೇಕು. ಚಿಕ್ಕಂದಿನಿಂದ ಹಾಗೆ ಹಾಕಿ ಹಾಕಿ ಅದೇ ಅವಳ ಬೌಲಿಂಗ್ ಆಗಿಬಿಟ್ಟಿತ್ತು.

ಇದನ್ನು ನಿಮ್ಮ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ. ಹೆಣ್ಣುಮಗಳು ಓಣಿಯಲ್ಲಿ ಆಡುತ್ತಿದ್ದರೆ ಒಳಗೆ ಬಾ ಎನ್ನುವ ಅಣ್ಣಂದಿರು ಊರು ತುಂಬ ಇದ್ದಾರೆ. ಮಾವ ತೀರಿಕೊಂಡ ಮೇಲೆ ಮನೆಯ ಜವಾಬ್ದಾರಿ ನಿಮ್ಮ ಮೇಲೆ ಬಿತ್ತು, ಅದೂ ನನಗೆ ಗೊತ್ತು. ಆದರೆ ಅವಳು ಹೇಳುತ್ತಿದ್ದಾಗ ನನ್ನ ಕೈಯ ತುತ್ತು ಕೈಯಲ್ಲೇ ಉಳಿದಿತ್ತು. ಆ ಮನೆಯಲ್ಲಿ ನಾನೂ ಎಷ್ಟೋ ಕೆಲಸಗಳನ್ನು ನಿಮ್ಮ ಗಾಡಿಯ ಸದ್ದು ಕೇಳುವ ಮೊದಲು ಮುಗಿಸಿಬಿಡುತ್ತಿದ್ದೆ. ಈಗ ಆ ಮಾತು ಬೇಡ.

ಇನ್ನು ಅತ್ತೆ ಬಂದ ವಿಷಯ. ಬಳ್ಳಾರಿಯವರು ಹುಡುಗಿ ನೋಡಲು ಬರುತ್ತಾರೆಂದು ಮಂಜುಳಾಳನ್ನು ಕರೆತರಲು ನೀವು ಅವರನ್ನು ಕಳಿಸಿದಿರಿ. ಅತ್ತೆ ಒಬ್ಬರೇ ಹಿಂತಿರುಗಿದರು. ಹುಡುಗಿಗೆ ಜ್ವರ, ಟೈಫಾಯ್ಡ್ ಇದ್ದರೂ ಇರಬಹುದು, ಬಸ್ಸಿನಲ್ಲಿ ಕರೆತರುವ ಹಾಗಿಲ್ಲ ಎಂದು ನಿಮಗೆ ಹೇಳಿದರು. ಜ್ವರ ಇರಲಿಲ್ಲ. ನೋಡಲು ಬರುವವರು ಗೊತ್ತು ಮಾಡಿದ ದಿನವೂ ಅನಂತಪುರದಲ್ಲಿ ಈ ವರ್ಷದ ಆಯ್ಕೆಯ ದಿನವೂ ಒಂದೇ ಆಗಿತ್ತು.

ಅತ್ತೆ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಮಡಕಶಿರಾದಿಂದ ಶೇರ್ ಆಟೋದಲ್ಲಿ ಸಂಜೆ ಹೊತ್ತಿಗೆ ಬಂದಿಳಿದರು. ಮನೆಗೆ ಬೀಗ ಕಂಡು, ಕೇಳಿಕೊಂಡು ಮೈದಾನಕ್ಕೇ ಬಂದರು. ಟ್ರ್ಯಾಕ್ ಪ್ಯಾಂಟಿನಲ್ಲಿ ಓಡಿ ಬರುತ್ತಿದ್ದ ಮಗಳನ್ನು ನೋಡಿ ಬ್ಯಾಗು ಹಿಡಿದುಕೊಂಡೇ ನಿಂತುಬಿಟ್ಟರು.

"ಇದಕ್ಕೇನವಾ ನೀ ಇಲ್ಲಿಗಿ ಬಂದಿದ್ದು?" ಎಂದು ಮಗಳನ್ನು ಕೇಳಿದರು. ಅವಳು ತಲೆ ತಗ್ಗಿಸಿದಳು. ಆಮೇಲೆ ನನ್ನ ಕಡೆ ತಿರುಗಿದರು. "ನೀನಾರ ಹೇಳಬಾರದಾ ಉಷಾ? ನಿನ್ನ ಸಂಸಾರ ಅಂತೂ ಹಿಂಗಾತು, ಇಕಿದೂ ಹಂಗ ಆಗಬೇಕನ?"

ಬೇರೆ ಯಾರಾದರೂ ಆ ಮಾತು ಅಂದಿದ್ದರೆ ಉತ್ತರ ಕೊಡುತ್ತಿದ್ದೆ. ಅತ್ತೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನೀವು ಕೆಲಸ ಬಿಡು ಅಂದಿರಿ, ನಾನು ಮನೆ ಬಿಟ್ಟೆ. ಆ ದಿನ ಬಸ್ಸಿನಲ್ಲಿ ತಿನ್ನು ಎಂದು ರೊಟ್ಟಿ ಬುತ್ತಿ ಕಟ್ಟಿಕೊಟ್ಟವರು ಅವರು. ನೀರು ಕೊಟ್ಟು, ಧ್ವಜಸ್ತಂಭದ ಕಟ್ಟೆಯ ಮೇಲೆ ಕೂರಿಸಿದೆ. ಅವರು ಸ್ವಲ್ಪ ತಣ್ಣಗಾದ ಮೇಲೆ, "ಅತ್ತೆ, ಒಂದು ಉಪಕಾರ ಮಾಡ್ರಿ. ಅವಳು ಓಡಿ ಬರುವಾಗ ಮನೆ ಬಾಗಿಲಲ್ಲಿ ನಿಂತು ಕರೀತೀರಲ್ಲ, ಹಾಗೆ ಜೋರಾಗಿ ಕರೀರಿ" ಎಂದೆ.

"ಕರದ್ರ ಬರ್ತಾಳನು?"

"ಬರಬಾರದು. ಅದಕ್ಕೇ ಕರೀರಿ ಅಂತಿರೋದು."

ಅತ್ತೆಗೆ ಅರ್ಥವಾಗಲಿಲ್ಲ. ಆದರೂ ಮಂಜುಳ ಓಡತೊಡಗಿದ ಕೂಡಲೇ ಕೂಗಿದರು: "ಮಂಜೀ! ಏ ಮಂಜೀ! ಒಳಗ ಬಾ!"

ಚೆಂಡು ಗೋಣಿ ಬಿಟ್ಟು ಎಲ್ಲಿಗೋ ಹಾರಿತು. ಮತ್ತೆ ಕೂಗಿದರು, ಮತ್ತೆ ಹಾಗೆಯೇ ಆಯಿತು. ಅತ್ತೆಗೆ ನಗು ಬಂತು. ಇನ್ನೊಂದು ಸಲ ಕೂಗಿ, ಚೆಂಡು ಅತ್ತ ಹೋದದ್ದನ್ನು ನೋಡಿದ ಮೇಲೆ ನಗು ನಿಂತಿತು.

"ನಾ ಕರದಾಗೆಲ್ಲಾ ನಿನಗ ಹಿಂಗ ಆಗ್ತಿತ್ತನ?" ಎಂದು ಮಗಳನ್ನು ಕೇಳಿದರು.

"ಹೌದವಾ" ಎಂದಳು ಮಂಜುಳ.

ಅತ್ತೆ ಎದ್ದು ಮಗಳ ರಟ್ಟೆ ಹಿಡಿದು ಹೊರಡುತ್ತಾರೆ ಎಂದುಕೊಂಡೆ. ಎದ್ದರು. ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಬೌಲರ್ ಹಿಂದೆ ಅಂಪೈರ್ ನಿಲ್ಲುವ ಕಡೆ ಹೋಗಿ ನಿಂತು, ಮೊದಲಿಗಿಂತ ಜೋರಾಗಿ ಕರೆದರು. ಬೆಳಕು ಹೋಗುವವರೆಗೂ ಕರೆದರು. ಕೊನೆಕೊನೆಗೆ ಅವರು ಕರೆಯುತ್ತಲೇ ಇದ್ದರು, ಇವಳು ತನ್ನ ಪಾಡಿಗೆ ಓಡಿ ಬಂದು ಕಾಲೂರಿ ಚೆಂಡು ಬಿಟ್ಟಳು. ಅದು ಗೋಣಿಯ ನಡುವೆ ಬಿತ್ತು. "ಬಿತ್ತು ನೋಡು!" ಎಂದು ಅತ್ತೆ ಚಪ್ಪಾಳೆ ತಟ್ಟಿದರು.

ಮರುದಿನವೂ ಉಳಿದರು. ಕರೆಯುವುದಕ್ಕೆ ಹೊಸ ಹೊಸ ನೆಪ ಹುಡುಕುತ್ತಿದ್ದರು. ಹಾಲು ಉಕ್ಕಾಕತ್ತೈತಿ, ನಲ್ಯಾಗ ನೀರು ಬಂತು, ಬೀಗರು ಬಂದಾರ. ರಾಧಿಕಾ ಬ್ಯಾಟು ಊರಿಕೊಂಡು ನಗುತ್ತಿದ್ದಳು. ಮಂಜುಳಾಳ ಹೆಜ್ಜೆ ಯಾವುದಕ್ಕೂ ತಪ್ಪಲಿಲ್ಲ. ಆಗ ಅತ್ತೆ, "ಏ, ಅಣ್ಣ ಬಂದ!" ಎಂದರು.

ಮಂಜುಳ ಅರ್ಧ ಓಟದಲ್ಲಿ ನಿಂತು ಗೇಟಿನ ಕಡೆ ತಿರುಗಿ ನೋಡಿದಳು. ಚೆಂಡು ಕೈಯಲ್ಲೇ ಇತ್ತು. ಆಗ ಯಾರೂ ನಗಲಿಲ್ಲ.

ಹೊರಡುವಾಗ ಬಸ್ಸಿಗೆ ಕಾಯುತ್ತ ಅತ್ತೆ ನನಗೆ ಹೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. "ಸಿದ್ದುಗ ಜ್ವರ ಅಂತ ಹೇಳ್ತೀನಿ. ಎಲ್ಲಾ ಮುಗದ ಮ್ಯಾಲ ನೀನ ಬರದು ತಿಳಸು. ಅವನ ಮುಂದ ನಿಂತು ಹೇಳಾಕ ನನಗ ಬಾಯಿ ಬರಂಗಿಲ್ಲ." ಆದ್ದರಿಂದ ಈ ವಿಷಯಕ್ಕೆ ಅವರನ್ನು ಬೈಯಬೇಡಿ. ಸುಳ್ಳು ಹೇಳಿದವರು ಅವರಾದರೂ ಹೇಳುವ ಪರಿಸ್ಥಿತಿ ತಂದವರು ನಾವು ಮೂವರೂ. ಮೂರನೆಯವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆಯ್ಕೆಯ ದಿನ ಅನಂತಪುರದಲ್ಲಿ ಬಿಸಿಲು ಕಣ್ಣು ಬಿಡಲು ಆಗದಂತಿತ್ತು. ಮೈದಾನದ ಪಕ್ಕದಲ್ಲೇ ದೊಡ್ಡ ರಸ್ತೆ, ಲಾರಿ, ಬೈಕು, ಹಾರ್ನ್. ನಾನು ಅದನ್ನು ನೋಡಿಯೇ ಧೈರ್ಯ ಕಳೆದುಕೊಂಡೆ, ಮುಖದಲ್ಲಿ ತೋರಿಸಲಿಲ್ಲ. ಮಂಜುಳಾಳ ಮೊದಲ ಚೆಂಡು ಲೆಗ್ ಸೈಡಿಗೆ ಹೋಯಿತು. ಅವಳು ತಿರುಗಿ ನನ್ನನ್ನು ಹುಡುಕಿದಳು. ನಾನು ಬೇಕೆಂದೇ ಬೇರೆ ಕಡೆ ನೋಡಿದೆ. ಅವಳಿಗೆ ಬೇಕಾದ್ದು ನನ್ನ ಮುಖದಲ್ಲಿ ಇರಲಿಲ್ಲ.

ಮತ್ತೆ ನೋಡಿದಾಗ ಅವಳು ತನ್ನ ಗುರುತಿನ ಹತ್ತಿರ ನಿಂತಿದ್ದಳು. ಅವಸರವಿಲ್ಲದೆ ಓಡಿ ಬಂದಳು. ಎಡಗೈ ಎತ್ತಿ, ಕಾಲೂರಿ, ಚೆಂಡು ಬಿಟ್ಟಳು. ಹೋದ ವರ್ಷದ ವೇಗ ಇರಲಿಲ್ಲ. ಆದರೆ ಆಫ್ ಸ್ಟಂಪಿನ ಮೇಲೆ, ಹೊಡೆಯಲೂ ಬಿಡಲೂ ಕಷ್ಟವಾಗುವ ಜಾಗದಲ್ಲಿ ಬಿತ್ತು. ಮುಂದಿನದೂ ಅಲ್ಲಿಗೇ. ಅದರ ಮುಂದಿನದೂ. ಹೋದ ವರ್ಷದ ಆ ಸೆಲೆಕ್ಟರ್ ಕುರ್ಚಿ ಬಿಟ್ಟು ಎದ್ದು ಬಂದು, ರಾಜ್ಯ ತಂಡದಲ್ಲಿ ಆಡಿದ ಬ್ಯಾಟರ್ ಒಬ್ಬಳನ್ನು ಕರೆದು ಎದುರಿಗೆ ನಿಲ್ಲಿಸಿದರು. ಆ ಹುಡುಗಿ ಚೆನ್ನಾಗಿ ಆಡುವವಳು. ಮಂಜುಳಾಳ ಚೆಂಡನ್ನು ಕವರ್ಸ್ ಕಡೆ ಬೌಂಡರಿಗೆ ಹೊಡೆದಳು. ಮಂಜುಳ ಮತ್ತೆ ಅಲ್ಲಿಗೇ ಹಾಕಿದಳು. ಅವಳು ಮತ್ತೆ ಹೊಡೆದಳು. ಮಂಜುಳ ಮತ್ತೆ ಅಲ್ಲಿಗೇ. ಈ ಸಲ ಚೆಂಡು ಸ್ವಲ್ಪ ಒಳಗೆ ತಿರುಗಿ ಬ್ಯಾಟಿಗೂ ಪ್ಯಾಡಿಗೂ ನಡುವೆ ನುಸುಳಿ ಸ್ಟಂಪು ಬೀಳಿಸಿತು.

ನಿನ್ನ ಹತ್ತಿರ ಬೇರೆ ಬಾಲ್ ಇಲ್ಲವೇನಮ್ಮಾ ಎಂದು ಸೆಲೆಕ್ಟರ್ ತೆಲುಗಿನಲ್ಲಿ ಕೇಳಿದರು. ಇದನ್ನೇ ಈಗಷ್ಟೇ ಕಲಿತಿದ್ದೀನಿ ಸಾರ್ ಎಂದು ಇವಳೂ ತೆಲುಗಿನಲ್ಲೇ ಹೇಳಿದಳು. ಅವರು ಜೋರಾಗಿ ನಕ್ಕರು.

ಸಂಜೆ ಹೆಸರು ಓದಿದಾಗ ಇವಳದು ಕೊನೆಯಲ್ಲಿ ಬಂತು. ತಂಡಕ್ಕೆ ಅಲ್ಲ, ತಂಡವನ್ನು ಆರಿಸುವ ಕ್ಯಾಂಪಿಗೆ. ಅಲ್ಲಿಂದ ತಂಡಕ್ಕೆ ಹೋಗುತ್ತಾಳೋ ಇಲ್ಲವೋ ಯಾರೂ ಹೇಳಲಾರರು. ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ಮಡಕಶಿರಾ ಬರುವವರೆಗೂ ನಿದ್ದೆ ಮಾಡಿದಳು. ಅತ್ತೆಗೆ ಫೋನು ಮಾಡಿದಾಗ ಅವರು, ಕ್ಯಾಂಪಿನ್ಯಾಗ ಊಟ ಹ್ಯಾಂಗೈತಿ ಕೇಳು ಎಂದರು.

ಮೇ ೨೬ರ ಸೋಮವಾರ ಮಂಜುಳ ಕ್ಯಾಂಪಿಗೆ ಹೋಗುತ್ತಾಳೆ. ಇದಕ್ಕೆ ನಿಮ್ಮ ಅನುಮತಿ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ತನ್ನ ನಿರ್ಧಾರ ತಾನೇ ಮಾಡುವ ವಯಸ್ಸು ಅವಳಿಗೆ ಬಂದಿದೆ. ಕೇಳುತ್ತಿರುವುದು ಬೇರೆ. ಬಳ್ಳಾರಿಯವರು ಹೊಸ ದಿನ ಕೇಳುತ್ತಿದ್ದಾರಂತೆ. ಹುಡುಗನ ಮೇಲೆ ಅವಳಿಗೆ ಬೇಸರವಿಲ್ಲ, ನೋಡಿಯೇ ಇಲ್ಲವಲ್ಲ. ಈ ಮಳೆಗಾಲ ಕಳೆಯಲಿ, ಆಮೇಲೆ ನೋಡೋಣ, ಆಗ ಆ ಮಾತನ್ನು ನಾನೇ ಎತ್ತುತ್ತೇನೆ ಎನ್ನುತ್ತಾಳೆ. ಜ್ವರದ ಮೇಲೆ ಇನ್ನೊಂದು ಜ್ವರ ಹುಟ್ಟಿಸದೆ ಇದ್ದದ್ದನ್ನು ಅವರಿಗೆ ನೀವೇ ಹೇಳಿ. ಬೀಗರಾಗುವವರ ಮುಂದೆ ತಂಗಿ ಚೆಂಡು ಹಾಕುತ್ತಾಳೆಂದು ಹೇಳುವುದು ನಿಮಗೆ ಕಷ್ಟ ಎಂದು ಬಲ್ಲೆ. ಆದರೂ ನೀವು ಹೇಳಿದರೆ ಅವರು ಕೇಳುತ್ತಾರೆ. ವ್ಯಾಪಾರದಲ್ಲಿ ನಿಮ್ಮ ಮಾತಿಗೆ ಬಳ್ಳಾರಿಯವರೆಗೂ ಬೆಲೆಯಿದೆ ಎಂದು ನಾನು ಕಂಡಿದ್ದೇನೆ.

ಕ್ಯಾಂಪಿನ ಮೈದಾನ ನೀವು ಬಟ್ಟೆ ತರಲು ಹೋಗುವ ದಾರಿಯಲ್ಲೇ ಇದೆ. ಅಣ್ಣನಿಗೆ ಬರಲು ಹೇಳಲೇ ಎಂದು ಮಂಜುಳಾಳನ್ನು ಕೇಳಿದೆ. "ಬಂದ್ರ ಬರ್ಲಿ. ಬರ್ತೀನಿ ಅಂತ ಮೊದ್ಲ ಹೇಳೋದು ಬ್ಯಾಡ" ಎಂದಳು. ಹೇಳಿದ ಮೇಲೆ, ಬಂದರೆ ಟೋಪಿ ಹಾಕ್ಕೊಂಡು ಬರ್ಲಿ, ಅಲ್ಲಿ ನೆರಳಿಲ್ಲ ಎಂದೂ ಸೇರಿಸಿದಳು.

ಬರೆಯಬೇಕಾದ್ದು ಇಷ್ಟೇ. ನಿಮ್ಮ ಬಿ.ಪಿ. ಮಾತ್ರೆಯನ್ನು ಊಟದ ಮುಂಚೆ ತೆಗೆದುಕೊಳ್ಳಬೇಕಂತೆ, ರಾಧಿಕಾ ಹೇಳಿದಳು. ನೀವು ಆಮೇಲೆ ತೆಗೆದುಕೊಳ್ಳುತ್ತೀರೆಂದು ಅತ್ತೆಯಿಂದ ತಿಳಿಯಿತು. ಡಾಕ್ಟರನ್ನು ಒಮ್ಮೆ ಕೇಳಿ ನೋಡಿ.

ಇಂತಿ,
ಉಷಾರಾಣಿ

ಮತ್ತೆ: ಇದನ್ನು ಬರೆಯಬಾರದೆಂದು ಕಾಗದ ಮಡಿಸಿಟ್ಟಿದ್ದೆ. ಟೀಚರುಗಳ ವರ್ಗಾವಣೆ ಶುರುವಾಗಿದೆ. ರಾಯದುರ್ಗದಲ್ಲಿ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ವ್ಯಾಯಾಮದ ಟೀಚರ್ ಜಾಗ ಖಾಲಿಯಿದೆ, ಕೇಳಿದರೆ ಸಿಗುತ್ತದೆ ಎಂದು ನಮ್ಮ ಹೆಡ್‌ಮಾಸ್ಟರ್ ಹನುಮಂತರಾಯ ಸರ್ ಹೇಳಿದರು. ನಾನು ಕೇಳಿದ್ದೇನೆ. ಕೆಲಸ ಬಿಡುವುದಿಲ್ಲ, ಅದರಲ್ಲಿ ಬದಲಾವಣೆ ಇಲ್ಲ. ಬಂದ ಮೇಲೆ ಬೇರೆ ಮನೆ ಬಾಡಿಗೆಗೆ ಹುಡುಕಬೇಕೋ ಬೇಡವೋ, ಅದೊಂದನ್ನು ನೀವು ಹೇಳಬೇಕು.